ಕೂಗು ನಿಂತ ಬೆಲ್ಟು

"ಬ್ರೇಕು ಸರಿಯಾಗಿದೆ ಮೇಡಂ," ಎಂದು ಬ್ರೇಕ್ ಮಾಸ್ಟರ್ ಸಾಚಿ ಪೆಡಲಿನ ಮೇಲಿಂದ ಕಾಲು ತೆಗೆದ. "ಇನ್ನೊಂದು ಸಲ ಕೇಳಿದ್ರೂ ಇದನ್ನೇ ಹೇಳ್ತೀನಿ."

"ಸರಿಯಾಗಿದ್ದಿದ್ರೆ ಬೊಆಡು ಯಜಮಾನರು ಶವಾಗಾರದಲ್ಲಿ ಯಾಕೆ ಮಲಗಿದ್ದಾರೆ?"

"ಅದನ್ನ ನೀವು ಪತ್ತೆ ಮಾಡ್ಬೇಕು. ಪೊಲೀಸು ನೀವು. ನಾನು ಬ್ರೇಕು."

ಇನ್‌ಸ್ಪೆಕ್ಟರ್ ಒಫೊರಿವಾ ನಗಲಿಲ್ಲ. ಎನ್‌ಕೊಕೊ ಊರಿನ ಫಿಟ್ಟರುಗಳ ಯಾರ್ಡಿನಲ್ಲಿ, ಬೆಟ್ಟದ ಬುಡದಲ್ಲಿ, ಬೇವಿನ ಮರದ ಕೆಳಗೆ, ಆ ಹಳೆಯ ಹಸಿರು ಡೀಸೆಲ್ ವ್ಯಾಗನ್ ನಿಂತಿತ್ತು. ಎಡಗಡೆಯ, ಡ್ರೈವರ್ ಬದಿಯ ಬಾಗಿಲು ಕಾಲಿನಲ್ಲಿ ತುಳಿದ ಡಬ್ಬಿಯಂತೆ ಒಳಕ್ಕೆ ಹೋಗಿತ್ತು. ಉಳಿದದ್ದೆಲ್ಲ ನೆಟ್ಟಗಿತ್ತು. ಎಂಜಿನ್ ಈಗಲೂ ಒಂದೇ ಸಲಕ್ಕೆ ಹತ್ತುತ್ತಿತ್ತು.

ಎರಡು ವಾರದ ಹಿಂದಿನ ಶನಿವಾರ ಮಳೆಯಲ್ಲಿ ಎಂಪ್ರೆಸೊ ಬೆಟ್ಟದ ರಸ್ತೆಯಲ್ಲಿ ಇಳಿಯುವಾಗ, ಬಟ್ಟೆ ಅಂಗಡಿಯ ಬೊಆಡು ಯಜಮಾನರು ತಿರುವಿನಲ್ಲಿ ಗಾಡಿಯನ್ನು ತಿರುಗಿಸಲಾಗದೆ ಬೂರುಗದ ಮರಕ್ಕೆ ಗುದ್ದಿ ಸತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕೊರಂತೆಮಾ ಕೈ ಮುರಿದುಕೊಂಡು ಉಳಿದಳು. ಪೆಡಲು ಕಲ್ಲಾಯಿತು, ಸ್ಟೀರಿಂಗ್ ತಿರುಗಲಿಲ್ಲ ಎಂದು ಅವಳ ಹೇಳಿಕೆ. ಅಪಘಾತಕ್ಕೆ ಎರಡು ದಿನ ಮೊದಲು ಆ ಗಾಡಿಗೆ ಬ್ರೇಕ್ ಕೆಲಸ ಮಾಡಿದ್ದವನು ಯಜಮಾನರ ತಂಗಿಯ ಮಗ ಒಟೆಂಗ್.

ಈ ಜನರದು ಅಳಿಯಸಂತಾನ. ಯಜಮಾನರ ಅಂಗಡಿಗೆ ವಾರಸುದಾರನೂ ಒಟೆಂಗನೇ. ಇಷ್ಟು ಸಾಕೆನಿಸಿ ಒಫೊರಿವಾ ಬುಧವಾರ ಸಂಜೆ ಅವನನ್ನು ಒಳಗೆ ಹಾಕಿದ್ದಳು. ಇವತ್ತು ಶುಕ್ರವಾರ. ಸಂಜೆಯೊಳಗೆ ಅವನನ್ನು ಕೊಲೆ ಆರೋಪದ ಮೇಲೆ ಕೋರ್ಟಿಗೆ ಒಪ್ಪಿಸಬೇಕು, ಇಲ್ಲವೇ ಬಿಡಬೇಕು. ಒಪ್ಪಿಸಿದರೆ ವಿಚಾರಣೆ ಶುರುವಾಗುವುದಕ್ಕೇ ವರ್ಷಗಳು ಬೇಕು. ಅಷ್ಟು ವರ್ಷ ಜೈಲಿನಲ್ಲಿ ಕಾದು, ಕೊನೆಗೆ ನಿರಪರಾಧಿ ಎಂದು ಹೊರಗೆ ಬಂದವರ ಮುಖ ಅವಳು ನೋಡಿದ್ದಳು.

"ಒಟೆಂಗ್ ಮಾಡಿದ ಕೆಲಸದಲ್ಲಿ ಲೋಪ ಇದೆಯಾ? ಅದೊಂದು ಹೇಳು."

"ನನ್ನ ಕೈಯಲ್ಲಿ ಕಲಿತವನು ಅವನು," ಎಂದ ಸಾಚಿ. "ಪ್ಯಾಡು ಹೊಸದು, ಎಣ್ಣೆ ಹೊಸದು, ಪೈಪು ಎಲ್ಲೂ ಸೋರಿಲ್ಲ. ನಾನೇ ಮಾಡಿದ್ರೂ ಇಷ್ಟು ನೀಟಾಗಿ ಬರ್ತಿರ್ಲಿಲ್ಲ. ಇದನ್ನ ಅವನಿಗೆ ಹೇಳ್ಬೇಡಿ, ತಲೆ ತಿರುಗುತ್ತೆ."

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಂದು ಚೀರಾಟ ಕೇಳಿಸಿತು. ಮಾಸ್ಟರ್ ತಬಿರಿಯ ನೀಲಿ ಪಿಕಪ್ ಯಾವತ್ತೂ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿತ್ತು. ವ್ಯಾಗನ್ನಿನಷ್ಟೇ ಹಳೆಯದು, ಅದೇ ಕಂಪನಿಯದು, ಅದೇ ಎಂಜಿನ್ನಿನದು.

"ಮಾಸ್ಟರ್, ನಿಮ್ಮ ಫ್ಯಾನ್ ಬೆಲ್ಟಿಗೆ ಇನ್ನೂ ಹೆರಿಗೆ ಆಗ್ಲಿಲ್ವಾ?" ಎಂದು ಕೂಗಿದ ಎಲೆಕ್ಟ್ರಿಷಿಯನ್ ಇಸಾಕು.

"ಕೂಗ್ಲಿ ಬಿಡೋ. ದಾರೀಲಿ ಮೇಕೆಗಳು ತಾವಾಗೇ ಪಕ್ಕಕ್ಕೆ ಹೋಗ್ತವೆ. ಹಾರ್ನ್ ಖರ್ಚು ಉಳೀತು," ಎನ್ನುತ್ತಾ ತಬಿರಿ ಇಳಿದ. ಯಾರ್ಡಿನ ಸಂಘದ ಅಧ್ಯಕ್ಷ ಅವನು. ಸ್ಟೀರಿಂಗ್ ಕೆಲಸದಲ್ಲಿ ಕ್ವಾಹು ಸೀಮೆಗೇ ಹೆಸರಾದವನು. ಕೊರಂತೆಮಾಳ ಬೆನ್ನಿಗೆ ಹುಟ್ಟಿದ ತಮ್ಮ ಎನ್ನುವುದೂ ಊರಿಗೆಲ್ಲ ಗೊತ್ತು. ಸಣ್ಣ ಊರು, ಎಲ್ಲರೂ ಯಾರಿಗೋ ಏನೋ ಆಗಬೇಕಾದವರೇ.

ಸಾಚಿ ಹೇಳಿದ್ದನ್ನು ಕೇಳಿಸಿಕೊಂಡು ಅವನು ಎಂಜಿನ್ ಹತ್ತಿಸಿ ವ್ಯಾಗನ್ನಿನ ಸ್ಟೀರಿಂಗನ್ನು ಒಂದೇ ಬೆರಳಿನಲ್ಲಿ ಆ ಕಡೆಗೂ ಈ ಕಡೆಗೂ ತಿರುಗಿಸಿ ತೋರಿಸಿದ. ಬಾನೆಟ್ಟಿನ ಒಳಕ್ಕೆ ಬಗ್ಗಿ ನೋಡಿ ನೆಟ್ಟಗಾದ.

"ಪಂಪು ಸರಿ. ಎಣ್ಣೆ ಸರಿ. ಬೆಲ್ಟೂ ನೋಡ್ದೆ, ಸರಿ. ಸಾಚಿ ಬ್ರೇಕು ಸರಿ ಅಂತಾನೆ. ಅಂದ್ಮೇಲೆ ಆ ಹುಡುಗನ್ನ ಯಾಕಮ್ಮ ಒಳಗಿಟ್ಟಿದ್ದೀರಿ?"

"ನಿಮ್ಮ ಅಕ್ಕನೇ ಅವನ ಹೆಸರು ಹೇಳಿದ್ದಾರೆ ಮಾಸ್ಟರ್."

"ಗಂಡನ್ನ ಕಳ್ಕೊಂಡ ಹೆಂಗಸು. ಯಾರ ಮೇಲಾದ್ರೂ ಸಿಟ್ಟು ಹಾಕ್ಬೇಕಲ್ಲ." ತಬಿರಿ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಒಟೆಂಗ್ ಈ ಯಾರ್ಡಲ್ಲೇ ಬೆಳೆದವನು. ನಾಳೆ ಭಾವನ ಅಂತ್ಯಕ್ರಿಯೆ. ಅಳಿಯ ಇಲ್ದೆ ಹೆಣ ಎತ್ತೋಕೆ ಆಗುತ್ತಾ? ಜಾಮೀನಿಗೆ ನಾನು ಸಹಿ ಹಾಕ್ತೀನಿ. ಈಗಲೇ ಬೆಟ್ಟ ಹತ್ತಿ ಹೋಗ್ತೀನಿ, ಠಾಣೆಗೆ ಒಂದು ಮಾತು ಹೇಳಿ."

ಸತ್ತವನ ಭಾವಮೈದುನನೇ ಆರೋಪಿಗೆ ಜಾಮೀನು ನಿಲ್ಲುತ್ತೇನೆ ಎನ್ನುವುದು ದೊಡ್ಡ ಮಾತು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ ಒಫೊರಿವಾ ಎಂಪ್ರೆಸೊ ಠಾಣೆಯ ಕಾರ್ಪೊರಲ್ ಲಾರ್ಬಿಗೆ ಫೋನ್ ಮಾಡಿ ಹೇಳಿದಳು. ನೀಲಿ ಪಿಕಪ್ ಚೀರುತ್ತಾ ಬೆಟ್ಟದ ಕಡೆಗೆ ಹೋಯಿತು.

ಭಾರ ಇಳಿದ ಮೇಲೆ ತಲೆ ಓಡತೊಡಗಿತು.

ಒಟೆಂಗ್ ತಪ್ಪು ಮಾಡಿಲ್ಲ ಎಂದಾದರೆ ಗಾಡಿ ಮರಕ್ಕೆ ಯಾಕೆ ಹೋಯಿತು? ಯಜಮಾನರು ಕುಡಿದಿರಲಿಲ್ಲ, ವೈದ್ಯರು ಅದನ್ನು ಖಚಿತಪಡಿಸಿದ್ದರು. ಕೊರಂತೆಮಾಳ ಹೇಳಿಕೆಯಲ್ಲಿ ಇನ್ನೊಂದು ಮಾತಿತ್ತು. ಪೆಡಲು ಕಲ್ಲಾಗುವ ಮುಂಚೆ ಗಂಡನ ಎದುರಿಗೆ ಚೌಕ ಡಬ್ಬಿಯ ಚಿತ್ರವಿದ್ದ ಒಂದು ಕೆಂಪು ದೀಪ ಹತ್ತಿತು ಎಂದಿದ್ದಳು. ಒಫೊರಿವಾ ಅದನ್ನು ಬರೆದುಕೊಂಡಿದ್ದಳು, ಕೇಳಿಸಿಕೊಂಡಿರಲಿಲ್ಲ.

"ಇಸಾಕು, ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಇದೆಯಲ್ಲ. ಓಡೋ ಗಾಡೀಲಿ ಅದು ಯಾವಾಗ ಹತ್ತುತ್ತೆ?"

"ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ತಿರುಗದೆ ಹೋದಾಗ. ಆದ್ರೆ ಇದರದ್ದು ಸರಿಯಾಗಿದೆ ಮೇಡಂ. ಎರಡು ಸಲ ನೋಡಿದೀನಿ."

"ಸಾಚಿ, ಪೆಡಲು ಕಲ್ಲಾಗೋದು ಯಾವಾಗ?"

"ಪೆಡಲಿನ ಹಿಂದೆ ಬೂಸ್ಟರ್ ಅಂತ ಒಂದು ದೊಡ್ಡ ಡಬ್ಬಿ ಇದೆ. ಒಂದು ಪಂಪು ಅದರೊಳಗಿನ ಗಾಳೀನ ಎಳೀತಾ ಇರುತ್ತೆ. ಅದರಿಂದಾನೇ ಪೆಡಲು ಹಗುರ. ಪಂಪು ನಿಂತ್ರೆ ಮೂರು ಸಲ ತುಳಿಯೋಷ್ಟು ಬಲ ಉಳಿದಿರುತ್ತೆ. ನಾಲ್ಕನೇ ಸಲಕ್ಕೆ ಕಲ್ಲು. ಎರಡೂ ಕಾಲಲ್ಲಿ ನಿಂತ್ರೆ ಗಾಡಿ ನಿಂತೀತು, ಅದೂ ಸಮತಟ್ಟು ರಸ್ತೇಲಿ. ಎಪ್ಪತ್ತು ದಾಟಿದ ಮುದುಕ, ಇಳಿಜಾರು..." ಸಾಚಿ ಮಾತು ಮುಗಿಸಲಿಲ್ಲ.

"ಆ ಪಂಪು ಎಲ್ಲಿದೆ?"

"ಆಲ್ಟರ್ನೇಟರ್ ಬೆನ್ನಿಗೆ. ಅದು ಇಸಾಕು ಭಾಗ, ನಾನು ಮುಟ್ಟಲ್ಲ."

"ಇಸಾಕು, ಅದನ್ನ ತಿರುಗಿಸೋದು?"

"ಬೆಲ್ಟು. ಅದು ಮಾಸ್ಟರ್ ತಬಿರಿ ಭಾಗ. ನಾನು ಮುಟ್ಟಲ್ಲ."

"ಮತ್ತೆ ಸ್ಟೀರಿಂಗ್ ಪಂಪನ್ನ?"

"ಅದೂ ಅದೇ ಬೆಲ್ಟು," ಎಂದ ಇಸಾಕು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನಂತೆ ಸಾಚಿಯ ಮುಖ ನೋಡಿದ.

ಈ ಯಾರ್ಡಿನ ಕಟ್ಟಳೆ ಹಾಗೆ. ಬ್ರೇಕಿನವನು ಬ್ರೇಕು, ಕರೆಂಟಿನವನು ಕರೆಂಟು. ಇನ್ನೊಬ್ಬರ ಭಾಗಕ್ಕೆ ಕೈ ಹಾಕಿದವನು ಸಂಘದ ಮುಂದೆ ತಪ್ಪೊಪ್ಪಿಕೊಂಡು ಎಲ್ಲರಿಗೂ ತಂಪು ಪಾನೀಯ ಕೊಡಿಸಬೇಕು. ಪ್ರತಿಯೊಬ್ಬನೂ ತನ್ನ ಭಾಗ ನೋಡಿ ಸರಿಯಾಗಿದೆ ಎಂದಿದ್ದ. ಮೂವರೂ ನಿಜವನ್ನೇ ಹೇಳಿದ್ದರು, ಇಲ್ಲವೇ ಇಬ್ಬರು.

"ಯಜಮಾನರು ಮೊದಲೇ ದೂರು ಹೇಳಿದ್ರಾ?"

"ಆ ತಿಂಗಳಲ್ಲಿ ಮೂರು ಸಲ ಬಂದಿದ್ರು," ಎಂದ ಸಾಚಿ. "ಬ್ರೇಕು ಕಲ್ಲಾಗುತ್ತೆ, ಸ್ಟೀರಿಂಗು ಬಿಗಿಯುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತೆ ಅಂತ. ನಾವು ನೋಡ್ದಾಗೆಲ್ಲ ಬೆಣ್ಣೆ ಥರ ಇತ್ತು. ಯಜಮಾನರೇ, ಗಾಡಿಗಲ್ಲ, ನಿಮಗೆ ವಯಸ್ಸಾಯ್ತು ಅಂದೆ." ಅವನು ನೆಲ ನೋಡಿದ. "ನಗ್ತಾ ಅಂದೆ."

"ಬಂದಾಗ ಮಳೆ ಇತ್ತಾ?"

"ಮಳೇಲಿ ಯಾರು ಗಾಡಿ ತರ್ತಾರೆ ಮೇಡಂ? ಇಲ್ಲಿ ಸೂರೆಲ್ಲಿದೆ? ಮಳೆ ಬಂದ್ರೆ ನಾವೇ ಅಂಗಡಿ ಮುಚ್ಚಿ ಅನ್ನದ ಹೋಟ್ಲಿಗೆ ಓಡ್ತೀವಿ. ನಿಂತ್ಮೇಲೆ ಬರ್ತಿದ್ರು."

ಒಫೊರಿವಾ ಒಂದು ಡಬ್ಬಿ ನೀರು ಕೇಳಿದಳು.

ಇಬ್ಬರು ಮಾಸ್ಟರುಗಳೂ ಕದಲಲಿಲ್ಲ. ಬೆಲ್ಟು ಅಧ್ಯಕ್ಷನದು, ಅಧ್ಯಕ್ಷ ಇಲ್ಲ. "ತಂಪು ಪಾನೀಯ ನಾನು ಕೊಡಿಸ್ತೀನಿ," ಎಂದು ಅವಳೇ ಡ್ರಮ್ಮಿನಿಂದ ನೀರು ಮೊಗೆದು ತಂದಳು. ಸಾಚಿಯನ್ನು ಪೆಡಲಿನ ಮುಂದೆ ಕೂರಿಸಿ ಎಂಜಿನ್ ಶುರು ಮಾಡಿಸಿದಳು. ನೀರನ್ನು ಓಡುತ್ತಿದ್ದ ಬೆಲ್ಟಿನ ಮೇಲೆ ಸಣ್ಣಗೆ ಸುರಿದಳು.

ಹಳೆಯ ಬೆಲ್ಟು ನೀರು ಬಿದ್ದರೆ ಕೂಗಬೇಕು. ಇದು ಕೂಗಲಿಲ್ಲ. ರಾಟೆಯ ಅಂಚಿನಲ್ಲಿ ಬಿಳಿಯದೇನೋ ಉಬ್ಬಿ ಬಂತು. ನೊರೆ.

"ದೀಪ ಹತ್ತಿತು," ಎಂದ ಇಸಾಕು.

"ಸ್ಟೀರಿಂಗು ಬಿಗೀತಿದೆ," ಎಂದ ಸಾಚಿ ಒಳಗಿನಿಂದ. ಪೆಡಲು ತುಳಿದ. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಅವನ ಮುಖ ಬದಲಾಯಿತು. ಸೀಟಿನಿಂದ ಎದ್ದು ಮೈಭಾರ ಹಾಕಿ ಒತ್ತಿದ. "ದೇವರೇ," ಎಂದ ಮೆಲ್ಲಗೆ. "ಮುದುಕಪ್ಪ ಸರಿಯಾಗೇ ಹೇಳಿದ್ರು."

ಬೆಲ್ಟು ನೀರನ್ನು ಎರಚಿ ಎರಚಿ ಬಿಸಿಯಾಗಿ ಒಣಗಿತು. ದೀಪ ಆರಿತು. ಸ್ಟೀರಿಂಗ್ ಮತ್ತೆ ಒಂದು ಬೆರಳಿಗೆ ತಿರುಗಿತು. ಏನೂ ನಡೆದೇ ಇಲ್ಲವೆಂಬಂತೆ.

ಎಂಜಿನ್ ಆರಿಸಿ ಒಫೊರಿವಾ ಬೆಲ್ಟಿನ ಒಳಮೈಯನ್ನು ಉಗುರಿನಿಂದ ಕೆರೆದಳು. ಗೆರೆಗಳ ನಡುವೆ ಹಳದಿ ಮೇಣದಂಥದ್ದು ದಪ್ಪಗೆ ಮೆತ್ತಿತ್ತು. ಮೂಸಿದಳು. ಬಟ್ಟೆ ಒಗೆಯುವ ಬಾರ್ ಸೋಪು.

"ಕೂಗೋ ಬೆಲ್ಟಿಗೆ ಸೋಪು ಉಜ್ಜೋದು ಮನೆಮದ್ದು," ಎಂದ ಇಸಾಕು. "ಹೊಸ ಬೆಲ್ಟು ಹಾಕಿಸೋವರೆಗೆ ಬಾಯಿ ಮುಚ್ಚಿಸೋಕೆ. ಒಣಗಿರೋವರೆಗೂ ಹಿಡಿಯುತ್ತೆ. ನೀರು ಬಿದ್ರೆ ಹೀಗೆ ಜಾರುತ್ತೆ."

"ಮಳೆ ನೀರು ಇಲ್ಲಿವರೆಗೆ ಬರುತ್ತಾ?"

"ಬರ್ಬಾರ್ದು. ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತೆ, ಚಕ್ರ ಎರಚೋ ನೀರಿಗೆ ಅಡ್ಡ." ಇಸಾಕು ಬಗ್ಗಿದ, ಮಲಗಿದ, ಕೆಳಗಿನಿಂದಲೇ ಹೇಳಿದ: "ಇಲ್ಲ ಮೇಡಂ. ತಟ್ಟೆ ಇಲ್ಲ."

"ಗುದ್ದಿದಾಗ ಕಿತ್ತುಹೋಗಿರ್ಬಹುದು."

"ಕಿತ್ತುಹೋಗಿದ್ರೆ ಬೋಲ್ಟಲ್ಲಿ ಪ್ಲಾಸ್ಟಿಕ್ ಚೂರು ಉಳೀತಿತ್ತು. ಬೋಲ್ಟೂ ಇಲ್ಲ. ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ."

ಸೋಪು ಮನೆಯೊಳಗಿನ ಕೈಯದು. ಸ್ಪ್ಯಾನರ್ ಬೇರೆ ಕೈಯದು. ಒಫೊರಿವಾ ಬಾನೆಟ್ ಮುಚ್ಚಿ, ಅಪಘಾತದ ದಿನದಿಂದ ಅದಕ್ಕೆ ಸುತ್ತಿಸಿದ್ದ ಸರಪಳಿಗೆ ಮತ್ತೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದಳು.

ಬೆಟ್ಟದ ತುದಿಯಲ್ಲಿ ಮೋಡ ಕಟ್ಟಿತ್ತು.

*

ಬೊಆಡು ಯಜಮಾನರ ಮನೆ ಎಂಪ್ರೆಸೊದಲ್ಲಿ ರಸ್ತೆಯ ಮೇಲೇ ಇತ್ತು. ಅಲ್ಲಿಂದ ಸ್ವಲ್ಪ ಮುಂದೆ ರಸ್ತೆ ಬಾಗಿ ಇಳಿಯತೊಡಗುತ್ತದೆ. ಜಗಲಿಯ ಮೇಲೆ ನಿಂತರೆ ಮೊದಲ ತಿರುವು ಕಾಣುತ್ತದೆ. ನಾಳೆಗೆಂದು ಅಂಗಳದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕಂಬಗಳಿಗೆ ಕೆಂಪು ಕಪ್ಪು ಬಟ್ಟೆ ಸುತ್ತಿದ್ದರು.

ಒಫೊರಿವಾ ಮೊದಲು ಕಾರಿನ ಶೆಡ್ಡಿಗೆ ಹೋದಳು. ಗೋಡೆಯ ಗೂಡಿನಲ್ಲಿ ಎಣ್ಣೆ ಡಬ್ಬಿಯ ಹಿಂದೆ ಹುಡುಕಿದ್ದು ಸಿಕ್ಕಿತು. ಅರ್ಧ ಸವೆದ ಹಳದಿ ಸೋಪು. ಒಂದು ಮಗ್ಗುಲಲ್ಲಿ ಬಾಚಣಿಗೆ ಎಳೆದಂತೆ ಸಾಲು ಗೆರೆಗಳು. ಬೆಲ್ಟಿನ ಗೆರೆಗಳಷ್ಟೇ ಅಗಲ, ಅಷ್ಟೇ ಹತ್ತಿರ.

ಕೊರಂತೆಮಾ ಒಳಕೋಣೆಯಲ್ಲಿ ಕಪ್ಪು ಬಟ್ಟೆಯಲ್ಲಿ ಕೂತಿದ್ದಳು. ತಲೆಗೂದಲು ಕತ್ತರಿಸಿದ್ದರು. ಬಲಗೈ ಜೋಳಿಗೆಯಲ್ಲಿತ್ತು. ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಪೊಲೀಸರಾದರೂ ಅದು ತಪ್ಪುವುದಿಲ್ಲ.

"ಎಡಗೈಯಲ್ಲಿ ಕೊಡ್ತಿದೀನಿ, ತಪ್ಪು ತಿಳೀಬೇಡ ಮಗಳೇ."

ಒಫೊರಿವಾ ಕುಡಿದು ಲೋಟ ಕೆಳಗಿಟ್ಟಳು.

"ನಾವಿಲ್ಲಿ ತಣ್ಣಗಿದೀವಿ," ಎಂದಳು ಕೊರಂತೆಮಾ, ಸಂಪ್ರದಾಯದಂತೆ. "ನೀನು ತಂದ ಸುದ್ದಿ ಏನು?"

ಒಫೊರಿವಾ ಸೋಪನ್ನು ಲೋಟದ ಪಕ್ಕದಲ್ಲಿಟ್ಟಳು, ಗೆರೆಗಳು ಮೇಲೆ ಕಾಣುವಂತೆ.

"ಬಟ್ಟೆ ಸೋಪು," ಎಂದಳು ಕೊರಂತೆಮಾ.

"ಒಗೆಯೋ ಕಲ್ಲು ಹಿತ್ತಲಲ್ಲಿದೆ ಅಮ್ಮ. ಶೆಡ್ಡಲ್ಲಿ ಯಾರ ಬಟ್ಟೆ ಒಗೀತಿದ್ರಿ?"

ತಗಡಿನ ಮೇಲೆ ಒಂದೆರಡು ಹನಿ ಬಿದ್ದ ಸದ್ದಾಯಿತು.

"ಗಾಡಿ ಕೂಗ್ತಿತ್ತು," ಎಂದಳು ಮುದುಕಿ. "ಒಬೊಮೆಂಗ್‌ನಲ್ಲಿ ಒಬ್ಬರು ದೊಡ್ಡವರ ಅಂತ್ಯಕ್ರಿಯೆಗೆ ಹೋಗಿದ್ವಿ. ನಾವು ಬಂದ ಸದ್ದಿಗೆ ಅಳ್ತಾ ಇದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ನಕ್ಕುಬಿಟ್ರು. ನಮಗಿಂತ ಚೆನ್ನಾಗಿ ಅಳೋಕೆ ಬೊಆಡು ಗಾಡೀನ ಕರ್ಕೊಂಡು ಬಂದಿದ್ದಾನೆ ಅಂದ್ರು. ಆವತ್ತು ಯಜಮಾನರು ಊಟ ಮಾಡ್ಲಿಲ್ಲ."

"ಹೊಸ ಬೆಲ್ಟು ಹಾಕಿಸ್ಬಹುದಿತ್ತು."

"ಯಜಮಾನರಾ? ಪೂರ್ತಿ ಮುರಿದು ಬೀಳೋವರೆಗೂ ಅವರು ಯಾವುದನ್ನೂ ಬದಲಾಯಿಸಿದವರಲ್ಲ. ಅದಕ್ಕೇ ನಾನೂ ಈ ಮನೇಲಿ ಉಳಿದೆ." ಅವಳ ತುಟಿ ಸೊಟ್ಟಗಾಯಿತು. "ಸೋಪು ಉಜ್ಜಿದೆ. ಸದ್ದು ನಿಂತಿತು. ಅದೂ ಅಪರಾಧಾನಾ?"

"ಅದಲ್ಲ. ಅದು ಒಂದು ತಿಂಗಳ ಹಿಂದಿನ ಮಾತು. ಅಷ್ಟು ದಿನದ ಸೋಪು ಬೆಲ್ಟಲ್ಲಿ ಉಳಿಯಲ್ಲ. ನಾನು ನೋಡಿದ್ದು ದಪ್ಪಗಿತ್ತು, ಹೊಸದಾಗಿತ್ತು. ಕೊನೇ ಸಲ ಯಾವತ್ತು ಉಜ್ಜಿದ್ರಿ?"

ಕೊರಂತೆಮಾ ಲೋಟವನ್ನು ಸೋಪಿನಿಂದ ದೂರ ಸರಿಸಿದಳು.

"ಅಪಘಾತದ ಹಿಂದಿನ ದಿನ. ಅಲ್ವಾ?"

"ನಾನೂ ಆ ಗಾಡೀಲಿದ್ದೆ," ಎಂದಳು ಕೊರಂತೆಮಾ. ಕೈಯ ಜೋಳಿಗೆಯನ್ನು ಸ್ವಲ್ಪ ಎತ್ತಿ ತೋರಿಸಿದಳು. "ಕೊಲ್ಲೋಳು ತಾನೂ ಹೋಗಿ ಕೂರ್ತಾಳಾ?"

ಈ ಪ್ರಶ್ನೆಯನ್ನೇ ಒಫೊರಿವಾ ದಾರಿಯುದ್ದಕ್ಕೂ ಕೇಳಿಕೊಂಡು ಬಂದಿದ್ದಳು. ಬೂರುಗದ ಮರದ ಗಾಯ ಕಂಡಾಗ ಅದಕ್ಕೆ ಒಂದೇ ಒಂದು ಉತ್ತರ ಹೊಳೆದಿತ್ತು.

"ಆವತ್ತು ಗಾಡಿ ಓಡಿಸ್ಬೇಕಾಗಿದ್ದದ್ದು ಯಾರು?"

ಮಳೆ ಒಮ್ಮೆಲೇ ಬಂತು. ತಗಡಿನ ಸದ್ದಿಗೆ ಮುದುಕಿಯ ಮಾತು ಕೇಳಿಸಲಿಲ್ಲ. ತುಟಿಯ ಅಲುಗಾಟದಲ್ಲಿ ಹೆಸರು ಕಾಣಿಸಿತು. ಒಟೆಂಗ್.

ಒಫೊರಿವಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕೆಳಗಿನ ಊರಲ್ಲಿ ಒಂದು ಅಂತ್ಯಕ್ರಿಯೆ ಇತ್ತು," ಎಂದಳು ಮುದುಕಿ. "ಒಟೆಂಗ್ ನಮ್ಮ ಕುರ್ಚಿ ತಗೊಂಡು ಮುಂಚೆ ಹೋಗ್ಬೇಕಿತ್ತು. ಬೆಳಿಗ್ಗೆ ಬಂದ. ಅಂಗಳದಲ್ಲಿ ಅವರಿಬ್ಬರಿಗೂ ಏನೋ ಮಾತಿಗೆ ಮಾತು ಬೆಳೀತು. ಇನ್ನೂ ನನ್ನ ಹೂತಿಲ್ಲ, ಆಗಲೇ ಗಾಡಿ ಕೀ ಕೈಯಲ್ಲಿ ಹಿಡ್ಕೊಂಡಿದೀಯ ಅಂತ ಅವನ ಕೈಯಿಂದ ಕಿತ್ಕೊಂಡ್ರು. ತಾವೇ ಹೋಗಿ ಕೂತ್ರು."

"ನೀವು ಹೇಳ್ಬಹುದಿತ್ತು."

"ಏನಂತ? ಹೋಗ್ಬೇಡಿ, ಅದು ನಿಮಗಲ್ಲ, ನಿಮ್ಮ ಅಳಿಯನಿಗೆ ಅಂತಾನಾ?" ಮುದುಕಿಯ ದನಿ ಏರಲಿಲ್ಲ. "ಬಾಯಿ ಬರ್ಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಆಕಾಶ ಬೆಳ್ಳಗಿತ್ತು. ಮಳೆ ಬರದೇ ಇದ್ರೆ ಏನೂ ಆಗಲ್ಲ ಅಂದ್ಕೊಂಡೆ. ಇಳಿಯೋ ಹೊತ್ತಿಗೆ ಮಳೆ ಹಿಡೀತು. ನಿಧಾನ, ನಿಧಾನ ಅಂತಾನೇ ಇದ್ದೆ. ನಿನಗೇನಾಯ್ತು ಇವತ್ತು ಅಂತ ಬೈದ್ರು. ಅವರು ನನ್ನ ಹತ್ರ ಆಡಿದ ಕೊನೇ ಮಾತು ಅದು."

"ಇದೆಲ್ಲ ಅಂಗಡಿಗಾಗಿ?"

"ಮೂವತ್ತು ವರ್ಷ ಆ ಅಂಗಡೀಲಿ ಬಟ್ಟೆ ಅಳೆದಿದೀನಿ. ಅಂಗಡಿ ಅವರ ಸೋದರಮಾವನದ್ದು, ಅವರ ತಾಯಿ ಕಡೆಗೆ ಸೇರಿದ್ದು. ಈಗಿನ ಕಾನೂನೂ ಅದನ್ನ ನನ್ನ ಮಕ್ಕಳಿಗೆ ಕೊಡಲ್ಲ. ಅವರು ಕಣ್ಣು ಮುಚ್ಚಿದ್ರೆ ಬೀಗದ ಕೈ ಒಟೆಂಗ್‌ಗೆ, ಹೊರಗಿನ ಮೆಟ್ಟಿಲು ನನ್ನ ಮಕ್ಕಳಿಗೆ. ಒಟೆಂಗ್ ಬಿಟ್ರೆ ಅವರ ಕಡೆ ಇನ್ನೊಬ್ಬ ಅಳಿಯ ಇಲ್ಲ, ಅಂಗಡಿ ಕೇಳೋರೇ ಇಲ್ಲ. ಇದನ್ನೆಲ್ಲ ನಾನು ಯೋಚನೆ ಮಾಡಿದ್ದಲ್ಲ. ನನಗೆ ಕೂರಿಸಿ ಹೇಳಿದ್ರು."

"ಯಾರು?"

ಮುದುಕಿ ಸೋಪನ್ನು ಎಡಗೈಯಲ್ಲಿ ತಿರುಗಿಸಿ ಗೆರೆಗಳು ಕೆಳಗಾಗುವಂತೆ ಇಟ್ಟಳು.

"ಗಾಡಿ ಆಗಾಗ ಕೆಡೋದಕ್ಕೆ ಸೋಪೇ ಕಾರಣ ಅಂತ ಅವನಿಗೆ ಮೊದಲ ಸಲ ನೋಡ್ದಾಗಲೇ ಗೊತ್ತಾಗಿತ್ತು. ಭಾವನಿಗೆ ಹೇಳ್ಲಿಲ್ಲ. ಶುಕ್ರವಾರ ಸಂಜೆ ಬಂದ. ಗಾಡಿ ಕೆಳಗೆ ಮಲಗಿ ಅದೇನೋ ಕರಿ ತಟ್ಟೆ ಬಿಚ್ಕೊಂಡು ಹೋದ. ಅಕ್ಕ, ಇನ್ನೊಂದು ಸಲ ಚೆನ್ನಾಗಿ ಉಜ್ಜು, ನಾಳೆ ಒಟೆಂಗ್ ತಗೊಂಡು ಹೋಗ್ತಾನೆ ಅಂದ. ಮಳೆ ಬರೋ ಹಾಗಿದೆಯಲ್ಲೋ ಅಂದೆ. ಗೊತ್ತು ಅಂದ."

"ನಿಮಗೂ ಗೊತ್ತಿತ್ತು."

"ಗೊತ್ತಿರ್ಲಿಲ್ಲ ಅಂತ ದೇವರ ಮುಂದೆ ಹೇಳೋಕೆ ಆಗಲ್ಲ ಮಗಳೇ. ಉಜ್ಜಿದ್ದು ಈ ಕೈ." ಅವಳು ಮುರಿದ ಕೈಯನ್ನು ನೋಡಿದಳು. "ಒಟೆಂಗ್ ಹೆಸರು ಹೇಳು ಅಂದದ್ದೂ ಅವನೇ. ಜೈಲಿಗೆ ಹೋದ್ರೂ ಸಾಕು ಅಂದ."

ಆದರೆ ಬ್ರೇಕ್ ಕೆಲಸದಲ್ಲಿ ಲೋಪವಿಲ್ಲ ಎಂದು ಸಾಚಿ ಇವತ್ತು ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದ. ಇನ್ನು ಒಟೆಂಗ್ ಜೈಲಿಗೆ ಹೋಗುವ ಹಾಗಿರಲಿಲ್ಲ. ಅದಾದ ಮೇಲೇ ತಬಿರಿ ಜಾಮೀನಿನ ಮಾತೆತ್ತಿದ್ದು. ಆ ಮಾತಿಗೆ ತನ್ನ ಎದೆ ಹಗುರಾದದ್ದು ಒಫೊರಿವಾಳಿಗೆ ನೆನಪಾಯಿತು.

ಜಗಲಿಗೆ ಬಂದು ಠಾಣೆಗೆ ಫೋನ್ ಮಾಡಿದಳು. ಮಳೆ ಅಂಗಳವನ್ನು ಕೆರೆ ಮಾಡಿತ್ತು.

"ಲಾರ್ಬಿ, ಒಟೆಂಗ್‌ನ ಬಿಡ್ಬೇಡ. ನಾನು ಬರೋವರೆಗೆ ಒಳಗೇ ಇರ್ಲಿ."

"ಬಿಟ್ಟಾಯ್ತಲ್ಲ ಮೇಡಂ. ನೀವೇ ಹೇಳಿದ್ರಿ."

"ಯಾರ ಜೊತೆ ಹೋದ? ತಬಿರಿ ಜೊತೆಗಾ?"

"ಇಲ್ಲ ಇಲ್ಲ, ಮಾಸ್ಟರ್ ಇಲ್ಲೇ ಇದ್ದಾರೆ, ನಮ್ಮ ಬೆಂಚ್ ಮೇಲೆ. ಕಡಲೆಕಾಯಿ ತಿಂತಿದ್ದಾರೆ. ಮಳೆ ನಿಂತ್ಮೇಲೆ ಅಕ್ಕನ ಮನೆಗೆ ನಡ್ಕೊಂಡು ಬರ್ತಾರಂತೆ. ಎರಡು ದಿನದಿಂದ ಸ್ನಾನ ಇಲ್ಲ, ಕೆಳಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬಾ ಅಂತ ಹುಡುಗನಿಗೆ ತಮ್ಮ ಪಿಕಪ್ ಕೀ ಕೊಟ್ರು. ದೊಡ್ಡ ಮನಸ್ಸು ಮೇಡಂ ಅವರದ್ದು."

"ಹೊರಟು ಎಷ್ಟು ಹೊತ್ತಾಯ್ತು?"

"ಈಗಷ್ಟೇ."

"ಅದಕ್ಕೆ ಮೊದಲು ತಬಿರಿ ಏನು ಮಾಡ್ತಿದ್ದ?"

"ಏನಿಲ್ಲ. ಕೈಗೆ ಗ್ರೀಸ್ ಇದೆ, ಕಾಗದಕ್ಕೆ ಮೆತ್ಕೊಳ್ಳುತ್ತೆ ಅಂತ ಸಹಿಗೆ ಮುಂಚೆ ಸೋಪು ಇಸ್ಕೊಂಡು ಹೊರಗೆ ಹೋಗಿದ್ರು. ಸ್ಪ್ಯಾನರ್ ಹಿಡ್ಕೊಂಡು ಪಿಕಪ್ ಕೆಳಗೂ ಒಂದು ಸಲ ನುಗ್ಗಿ ಬಂದ್ರು."

ಒಫೊರಿವಾ ಫೋನನ್ನು ಕಿವಿಯಿಂದ ಇಳಿಸಿದಳು. ಒಟೆಂಗ್‌ಗೆ ಫೋನ್ ಮಾಡಬಹುದು ಎಂದು ಒಂದು ಕ್ಷಣ ಅನ್ನಿಸಿತು. ಅವನ ಫೋನ್ ಠಾಣೆಯಲ್ಲಿ ಅವಳದೇ ಮೇಜಿನ ಖಾನೆಯಲ್ಲಿತ್ತು. ಬುಧವಾರ ಅವಳೇ ಕಿತ್ತುಕೊಂಡು ಬೀಗ ಹಾಕಿದ್ದಳು.

ರಸ್ತೆಯ ಮೇಲೆ ನೀರು ಸೀಳಿದ ಸದ್ದು.

ನೀಲಿ ಪಿಕಪ್ ಗೇಟಿನ ಮುಂದೆ ಬಂತು. ಗಾಜಿನ ಹಿಂದೆ ಒಟೆಂಗ್ ಒಬ್ಬನೇ. ಜಗಲಿಯ ಮೇಲಿದ್ದ ಅವಳನ್ನು ಗುರುತಿಸಿ, ತನ್ನನ್ನು ಬಿಡಿಸಿದವಳಿಗೆ ಎಂಬಂತೆ, ಕೈ ಎತ್ತಿದ.

ಊರಿಗೆಲ್ಲ ಕೇಳಿಸುವ ಹಾಗೆ ಚೀರುತ್ತಿದ್ದ ಆ ಬೆಲ್ಟು ಇವತ್ತು ತುಟಿಪಿಟಿಕ್ ಎನ್ನಲಿಲ್ಲ.

ಒಫೊರಿವಾ ಮಳೆಗೆ ಇಳಿದು ಓಡಿದಳು, ಕೈ ಬೀಸಿದಳು, ಹೆಸರು ಹಿಡಿದು ಕೂಗಿದಳು. ಪಿಕಪ್ ಇಳಿಜಾರಿಗೆ ಮೂತಿ ಹಾಕಿತು. ಮೊದಲ ತಿರುವಿನ ಮುಂಚೆ ಅದರ ಬ್ರೇಕ್ ದೀಪ ಕೆಂಪಗೆ ಹೊತ್ತಿ ಆರಿತು. ಮತ್ತೆ ಹೊತ್ತಿ ಆರಿತು. ಇನ್ನೊಮ್ಮೆ ಹೊತ್ತಿ ಆರಿತು.

ನಾಲ್ಕನೆಯ ಸಲ ಹೊತ್ತಿದ್ದು ಆರಲಿಲ್ಲ. ಗಾಡಿಯ ವೇಗವೂ ಇಳಿಯಲಿಲ್ಲ.